ಚಂಡಮಾರುತವೂ ಮೂರು ಬಾವುಟಗಳೂ

ಎರಡು ಸಂಖ್ಯೆಗಳನ್ನು ಓದುಗರ ಮುಂದಿಟ್ಟು ಈ ಲೇಖನವನ್ನು ಆರಂಭಿಸುತ್ತೇವೆ. ೧೯೯೯ನೆಯ ಇಸವಿಯ ಅಕ್ಟೋಬರ್ ೨೯ರಂದು ಒಡಿಶಾದ ಕರಾವಳಿಗೆ ಮಹಾ ಚಂಡಮಾರುತವೊಂದು ಬಂದು ಅಪ್ಪಳಿಸಿತು. ಅದಕ್ಕೆ ಬಲಿಯಾದವರು ಸುಮಾರು ೧೦,೦೦೦ ಮಂದಿ. ಹದಿನಾಲ್ಕು ವರ್ಷಗಳ ತರುವಾಯ, ೨೦೧೩ರ ಅಕ್ಟೋಬರ್ ೧೨ರ ರಾತ್ರಿ, ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಎಂಬ ಮತ್ತೊಂದು ಉಗ್ರ ಚಂಡಮಾರುತವು ನೆಲಕ್ಕೇರಿತು. ಆಗ ಸತ್ತವರು ಐವತ್ತಕ್ಕಿಂತ ಕಡಿಮೆ. ಎರಡನೆಯದು ಮೊದಲನೆಯದರಷ್ಟು ಪ್ರಬಲವಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಮೊದಲನೆಯದರ ಗಾಳಿ ಗಂಟೆಗೆ ೨೬೦ ಕಿಲೋಮೀಟರಿನಷ್ಟು ವೇಗದಿಂದ ಬೀಸಿತ್ತು. ಎರಡನೆಯದರ ವೇಗ ೨೧೦ರ ಆಸುಪಾಸಿನಲ್ಲಿತ್ತು, ಕಡಲು ಏರಿದ ಎತ್ತರವೂ ಕಡಿಮೆ. ಆದರೂ ಇಷ್ಟು ಮಾತ್ರದ ವ್ಯತ್ಯಾಸದಿಂದ ಸಾವಿನ ಸಂಖ್ಯೆಯು ಇನ್ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯಿತೆಂದು ಯಾರೂ ಹೇಳಲಾರರು. ಈ ಎರಡು ದಿನಗಳ ನಡುವೆ ಏನು ನಡೆಯಿತು? ಇದನ್ನು ತಿಳಿಯಬೇಕಾದರೆ ಚಂಡಮಾರುತವೆಂದರೇನು, ಅದು ಕೊಲ್ಲುವ ಬಗೆ ಯಾವುದು ಎಂಬುದನ್ನು ಮೊದಲು ಅರಿಯಬೇಕು.

ಇಂಗ್ಲಿಷಿನವರು ಚಂಡಮಾರುತಕ್ಕೆ ಹೇಳುವ ‘ಸೈಕ್ಲೋನ್’ ಎಂಬ ಹೆಸರು ಹುಟ್ಟಿದುದು ನಮ್ಮ ದೇಶದಲ್ಲಿಯೇ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಮಾಜಿ ನಾವಿಕನು ಬಂಗಾಳ ಕೊಲ್ಲಿಯಲ್ಲಿ ಸಂಚರಿಸುವ ಹಡಗುಗಳ ದಿನಚರಿ ಪುಸ್ತಕಗಳನ್ನು ಕಲೆಹಾಕಿ, ಈ ಬಿರುಗಾಳಿಗಳು ನೇರವಾಗಿ ಬೀಸದೆ ಒಂದು ನಡುವಿನ ಸುತ್ತ ಸುರುಳಿಯಾಗಿ ತಿರುಗುತ್ತವೆಂಬುದನ್ನು ಮನಗಂಡನು. ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಮಾತಿನಿಂದ ಅವನು ಆ ಹೆಸರನ್ನು ಕಟ್ಟಿದನು. ೧೮೫೩ರಲ್ಲಿ, ಕಲ್ಕತ್ತೆಯ ದಕ್ಷಿಣಕ್ಕೆ ಮಾತಲಾ ನದಿಯ ದಡದಲ್ಲಿ ಹೊಸದೊಂದು ಬಂದರನ್ನು ಕಟ್ಟಲು ಸರಕಾರವು ಹೊರಟಾಗ, ಆ ಸ್ಥಳವನ್ನು ಒಂದು ದಿನ ಕಡಲು ನುಂಗುವುದೆಂದು ಇದೇ ಪಿಡಿಂಗ್ಟನ್ ಗವರ್ನರ್ ಜನರಲ್ಲರಿಗೆ ಬಹಿರಂಗ ಪತ್ರ ಬರೆದನು. ಯಾರೂ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಬಂದರು ಎದ್ದಿತು; ೧೮೬೭ರ ಬಿರುಗಾಳಿ ಅದನ್ನು ಹಾಳುಗೆಡವಿತು. ಪಿಡಿಂಗ್ಟನ್ ಅಷ್ಟರಲ್ಲಿ ತೀರಿಕೊಂಡಿದ್ದನು. ಮುನ್ನೆಚ್ಚರಿಕೆಯನ್ನು ಕೇಳಿಯೂ ಕೇಳದಂತಿರುವ ಈ ಕಥೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುವುದು.

ಚಂಡಮಾರುತವನ್ನು ಒಂದು ಉಗಿಯಂತ್ರವೆಂದು ತಿಳಿದರೆ ತಪ್ಪಾಗದು. ಸಮುದ್ರದ ಮೇಲ್ಪದರದ ನೀರು ೨೬ ಅಥವಾ ೨೭ ಡಿಗ್ರಿ ಸೆಂಟಿಗ್ರೇಡಿಗಿಂತ ಬಿಸಿಯಾಗಿದ್ದಾಗ ಅದರಿಂದ ಹೇರಳವಾಗಿ ಆವಿಯೇಳುವುದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕೆಲೊರಿಗಳಷ್ಟು ಶಾಖವನ್ನು ತನ್ನೊಳಗೆ ಬಚ್ಚಿಟ್ಟುಕೊಳ್ಳುವುದು. ಮೇಲೇರಿ ಮತ್ತೆ ಹನಿಯಾಗುವಾಗ ಆ ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುವುದು. ಕಾದ ಗಾಳಿ ಇನ್ನೂ ಮೇಲಕ್ಕೇರಿದಂತೆ ಕೆಳಗೆ ವಾಯುಭಾರವು ಕುಸಿಯುವುದು, ಸುತ್ತಲಿನ ಗಾಳಿ ಆ ತೆರಪನ್ನು ತುಂಬಲು ಧಾವಿಸುವುದು. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ ಹಾಗೆ ಧಾವಿಸುವ ಗಾಳಿ ನೆಟ್ಟಗೆ ಹೋಗಲಾರದೆ ವಾಲುತ್ತದೆ. ನಮ್ಮ ಉತ್ತರಾರ್ಧಗೋಲದಲ್ಲಿ ಅದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತತೊಡಗುವುದು. ಸಮಭಾಜಕ ವೃತ್ತಕ್ಕೆ ಅತಿ ಸಮೀಪದಲ್ಲಿ ಈ ವಾಲಿಸುವ ಬಲವು ಇಲ್ಲವೆನ್ನುವಷ್ಟು ಕಡಿಮೆಯಾದುದರಿಂದ ಅಲ್ಲಿ ಚಂಡಮಾರುತಗಳು ಹುಟ್ಟುವುದಿಲ್ಲ.

ಸುತ್ತುವ ಗಾಳಿಯ ವೇಗ ಗಂಟೆಗೆ ೨೦೦ ಕಿಲೋಮೀಟರ್ ಇದ್ದರೂ ಇಡೀ ಸುರುಳಿಯು ಮುಂದಕ್ಕೆ ಸಾಗುವುದು ಸಾಮಾನ್ಯವಾಗಿ ೧೫ ಅಥವಾ ೨೦ ಕಿಲೋಮೀಟರ್ ವೇಗದಲ್ಲಿ, ಎಂದರೆ ಸೈಕಲ್ ತುಳಿಯುವ ಹುಡುಗನೊಬ್ಬನ ವೇಗದಲ್ಲಿ. ಭೂಕಂಪಕ್ಕೂ ಚಂಡಮಾರುತಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಚಂಡಮಾರುತವು ಮನುಷ್ಯನಿಗೆ ದಿನಗಟ್ಟಲೆ ಕಾಲಾವಕಾಶ ಕೊಟ್ಟು ಬರುವುದು.

ಗಾಳಿಯು ಕೊಲ್ಲುವುದಿಲ್ಲವೆಂದಲ್ಲ. ಅದರ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ೨೦೦ ಕಿಲೋಮೀಟರಿನ ಗಾಳಿಯು ೫೦ ಕಿಲೋಮೀಟರಿನ ಗಾಳಿಗಿಂತ ಹದಿನಾರು ಪಟ್ಟು ಬಲವಾಗಿ ಗೋಡೆಯನ್ನು ತಳ್ಳುವುದು. ಆದರೆ ಬಂಗಾಳ ಕೊಲ್ಲಿಯ ಇತಿಹಾಸದಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದಿರುವುದು ಗಾಳಿಯಲ್ಲ, ನೀರು. ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಅಗಲವಾದ ತಟ್ಟೆಯೊಂದರಲ್ಲಿ ಬೆರಳಿನ ಗೆಣ್ಣಿನಷ್ಟು ನೀರು ಹಾಕಿ, ಒಂದು ಕಡೆಯಿಂದ ಬಲವಾಗಿ ಊದಿದರೆ ಎದುರು ಅಂಚಿನಲ್ಲಿ ನೀರು ಏರಿ ನಿಲ್ಲುವುದು. ಆಳವಾದ ಬಕೀಟಿನಲ್ಲಿ ಹೀಗೆ ಊದಿದರೆ ಅಷ್ಟು ಏರದು. ಮೇಲಿನ ನೀರು ಮುಂದಕ್ಕೆ ಹೋದಷ್ಟೂ ಕೆಳಗಿನಿಂದ ಹಿಂದಕ್ಕೆ ಹರಿದುಹೋಗಲು ಅಲ್ಲಿ ಅವಕಾಶವಿದೆ. ಬಂಗಾಳ ಕೊಲ್ಲಿಯ ಉತ್ತರದ ತುದಿಯು ನಾವು ಊದಿದ ತಟ್ಟೆಯಂತೆ ಆಳವಿಲ್ಲದುದು. ಅಷ್ಟೇ ಅಲ್ಲದೆ ಅದರ ಆಕಾರವು ಆಲಿಕೆಯಂತೆ ಮೇಲೆ ಹೋದಂತೆ ಕಿರಿದಾಗುತ್ತದೆ. ನೂರಾರು ಕಿಲೋಮೀಟರ್ ದೂರದಿಂದ ಗಾಳಿ ತಳ್ಳಿಕೊಂಡು ಬಂದ ನೀರಿಗೆ ಅಲ್ಲಿ ಏರುವುದೊಂದೇ ದಾರಿ.

ವಾಯುಭಾರದ ಕುಸಿತದಿಂದಲೂ ಕಡಲು ಏರುತ್ತದೆ, ಆದರೆ ಅದರ ಪಾಲು ಚಿಕ್ಕದು. ಒಂದು ಮಿಲಿಬಾರ್ ಕುಸಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಎಂದು ಲೆಕ್ಕ. ೧೯೯೯ರ ಚಂಡಮಾರುತದ ನಡುವಿನಲ್ಲಿ ಭಾರವು ೯೧೨ ಮಿಲಿಬಾರಿಗೆ ಇಳಿದಿತ್ತು. ವಾಡಿಕೆಯ ಭಾರವನ್ನು ೧೦೧೦ ಎಂದು ಹಿಡಿದರೆ ಇದರಿಂದ ಏರುವ ನೀರು ಒಂದು ಮೀಟರಿಗಿಂತ ಹೆಚ್ಚಲ್ಲ. ಅಂದು ಕಡಲು ಏರಿದುದು ಐದಾರು ಮೀಟರ್. ಉಳಿದುದೆಲ್ಲವೂ ಗಾಳಿಯ ಕೆಲಸ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುವುದೆಂಬುದನ್ನು ನೆನೆದರೆ, ಹುಲ್ಲಿನ ಸೂರು ಮಣ್ಣಿನ ಗೋಡೆಯ ಗುಡಿಸಲುಗಳ ಗತಿ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ೧೯೭೦ಕ್ಕೆ ಬರೋಣ. ಆ ವರ್ಷದ ನವೆಂಬರ್ ೧೨ರ ರಾತ್ರಿ, ಆಗ ಪೂರ್ವ ಪಾಕಿಸ್ತಾನವೆನಿಸಿಕೊಂಡಿದ್ದ ಇಂದಿನ ಬಾಂಗ್ಲಾದೇಶದ ಭೋಲಾ ದ್ವೀಪ ಮತ್ತು ಅದರ ಸುತ್ತಲಿನ ತೀರದ ಮೇಲೆ ಚಂಡಮಾರುತ ಎರಗಿತು. ಹುಣ್ಣಿಮೆಯ ಹಿಂದಿನ ರಾತ್ರಿ ಅದು. ಕಡಲಿನ ಸಹಜವಾದ ಉಬ್ಬರದ ಹೊತ್ತಿಗೇ ಚಂಡಮಾರುತದ ಉಬ್ಬರವೂ ಬಂದು ಕೂಡಿಕೊಂಡಿತು. ಸತ್ತವರು ಮೂರು ಲಕ್ಷಕ್ಕೆ ಕಡಿಮೆಯಿಲ್ಲ, ಐದು ಲಕ್ಷವಿದ್ದರೂ ಇರಬಹುದು. ಲೆಕ್ಕವಿಡಬೇಕಾದವರೂ ಕೊಚ್ಚಿಹೋದ ಊರುಗಳಲ್ಲಿ ನಿಖರವಾದ ಸಂಖ್ಯೆ ಎಲ್ಲಿಂದ ದೊರೆಯಬೇಕು?

ಈ ದುರಂತವನ್ನು ಯಾರೂ ಮುಂಗಾಣಲಿಲ್ಲವೆಂದು ಓದುಗರು ಭಾವಿಸಬಹುದು. ಹಾಗಲ್ಲ. ಕೃತಕ ಉಪಗ್ರಹಗಳು ಆಗಲೇ ಮೇಲಿನಿಂದ ಮೋಡದ ಸುರುಳಿಯ ಚಿತ್ರವನ್ನು ಕಳುಹಿಸುತ್ತಿದ್ದವು. ರೇಡಿಯೋ ಎಚ್ಚರಿಕೆಯನ್ನು ಸಾರಿತ್ತು. ಬಿರುಗಾಳಿ ಬರಲಿದೆಯೆಂಬ ಸುದ್ದಿಯು ತೀರದ ಬಹುಮಂದಿಗೆ ಮುಟ್ಟಿತ್ತೆಂದೂ, ಭದ್ರವಾದ ಕಟ್ಟಡಗಳನ್ನು ಹುಡುಕಿಕೊಂಡು ಹೋದವರು ಮಾತ್ರ ತೀರ ವಿರಳವೆಂದೂ ಆಮೇಲೆ ನಡೆದ ವಿಚಾರಣೆಯಿಂದ ತಿಳಿದುಬಂದಿತು. ಪಿಡಿಂಗ್ಟನ್ನನ ಪತ್ರದ ಕಥೆಯೇ ಮತ್ತೆ ನಡೆಯಿತು. ಈ ಸಲ ಕಿವಿಗೊಡದವರು ಅಧಿಕಾರಿಗಳು ಮಾತ್ರವಲ್ಲ.

ಅವರನ್ನು ಮೂಢರೆನ್ನುವುದು ಸುಲಭ. ನಾವು ಹಾಗೆ ಹೇಳಲಾರೆವು. ಆ ತೀರದಲ್ಲಿ ಏರಿ ನಿಲ್ಲಲು ತಕ್ಕ ಎತ್ತರದ ನೆಲವೇ ಇಲ್ಲ. ಗಂಗಾ ಬ್ರಹ್ಮಪುತ್ರಾ ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು ಕಡಲಿನ ಮಟ್ಟದಿಂದ ಆಳೆತ್ತರವೂ ಏಳದೆ ಹಾಸಿಕೊಂಡಿದೆ. ಗಟ್ಟಿ ಕಟ್ಟಡಗಳು ಊರಿಗೊಂದೂ ಇರಲಿಲ್ಲ. ಹಟ್ಟಿಯಲ್ಲಿರುವ ಎರಡು ಹಸುಗಳೇ ಒಂದು ಸಂಸಾರದ ಸರ್ವಸ್ವವಾಗಿರುವಾಗ ಅವುಗಳನ್ನು ಕಟ್ಟಿಹಾಕಿ ಯಾರು ತಾನೆ ಹೊರಡುವರು? ಮನೆ ಬಿಟ್ಟರೆ ಕಳ್ಳರ ಭಯ. ಕೆಲವೇ ವಾರಗಳ ಹಿಂದೆ ಇಂಥದೇ ಎಚ್ಚರಿಕೆ ಬಂದು, ಹೆಚ್ಚೇನೂ ಆಗದೆ ಹೋಗಿತ್ತು. ಅಲ್ಲದೆ ರೇಡಿಯೋದ ಭಾಷೆಯು ಅಂಕಿಗಳ ಭಾಷೆ: ಇಷ್ಟನೆಯ ನಂಬರಿನ ಅಪಾಯ ಸಂಕೇತ ಎಂದರೆ ಹಡಗಿನ ಕಪ್ತಾನನಿಗೆ ಅರ್ಥವಾದೀತು, ಭತ್ತದ ಗದ್ದೆಯ ರೈತನಿಗೆ ಅದರಿಂದ ಏನು ತಿಳಿಯಬೇಕು? ದೂರದ ಊರಿನಿಂದ ಗುರುತಿಲ್ಲದ ದನಿಯೊಂದು ಹೇಳಿದ ಮಾತಿಗೂ, ನೆರೆಯವನು ಬಾಗಿಲು ತಟ್ಟಿ ‘ಏಳಿ, ಹೊರಡೋಣ’ ಎನ್ನುವುದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ತುಂಬುವ ಕೆಲಸವು ಹವಾಮಾನ ಶಾಸ್ತ್ರದ್ದಲ್ಲ. ಅದು ಊರಿನದು.

ಈ ಮಾತನ್ನು ಬಾಂಗ್ಲಾದೇಶವು ಹುಟ್ಟಿದ ಮರುವರ್ಷವೇ ಅರಿತುಕೊಂಡಿತೆನ್ನಬೇಕು. ರೆಡ್ ಕ್ರಾಸ್ ಸಂಘಗಳ ನೆರವಿನಿಂದ ೧೯೭೨ರಲ್ಲಿ ಅಲ್ಲಿ ಚಂಡಮಾರುತ ಸಿದ್ಧತಾ ಯೋಜನೆ ಆರಂಭವಾಯಿತು. ಅದರ ತಿರುಳು ಬಹಳ ಸರಳ. ಊರೂರಿನಿಂದ ಅಲ್ಲಿನವರೇ ಆದ ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುವುದು. ಹವಾಮಾನ ಕೇಂದ್ರದ ಸುದ್ದಿಯನ್ನು ನಿಸ್ತಂತು ಯಂತ್ರದ ಮೂಲಕ ಅವರಿಗೆ ಮುಟ್ಟಿಸುವುದು. ಅವರು ಅದನ್ನು ಊರಿನ ಮಾತಿನಲ್ಲಿ ಮನೆಮನೆಗೆ ಹೇಳುವುದು. ಓದು ಬಾರದವರಿಗೂ ದೂರದ ಗದ್ದೆಯಲ್ಲಿರುವವರಿಗೂ ತಿಳಿಯಲೆಂದು ಎತ್ತರದ ಕಂಬಕ್ಕೆ ಬಾವುಟ ಏರಿಸುವರು. ಒಂದು ಬಾವುಟವಿದ್ದರೆ ಎಚ್ಚರಿಕೆಯಿಂದಿರಬೇಕು. ಎರಡಾದರೆ ಅಪಾಯ ಸಮೀಪಿಸುತ್ತಿದೆ. ಮೂರು ಬಾವುಟ ಹಾರಿದರೆ ಮಹಾ ಅಪಾಯ, ಆಶ್ರಯಕ್ಕೆ ತೆರಳಲೇಬೇಕು. ರಾತ್ರಿಯಾದರೆ ಕೈಯಿಂದ ತಿರುಗಿಸುವ ಸೈರನ್ ಮತ್ತು ಮೆಗಾಫೋನ್. ದನಕರುಗಳಿಗಾಗಿ ಮಣ್ಣನ್ನು ಗುಡ್ಡೆಹಾಕಿ ಎತ್ತರದ ದಿಬ್ಬಗಳನ್ನು ಕಟ್ಟಿದರು. ಇವುಗಳಿಗೆ ಅಲ್ಲಿಯವರು ‘ಕಿಲ್ಲಾ’ ಎನ್ನುವರು. ಹಸುವಿಗೆ ಸ್ಥಳವಾದರೆ ಒಡೆಯನೂ ಹೊರಡುವನೆಂಬ ಲೆಕ್ಕಾಚಾರವು ನಮಗೆ ಬಹಳ ಮೆಚ್ಚುಗೆಯಾಗಿದೆ. ಮನೆ ಬಿಡಲೊಪ್ಪದವನ ಸಂಕಟವನ್ನು ಬಲ್ಲವರು ಮಾತ್ರ ಅದನ್ನು ಯೋಚಿಸಿಯಾರು.

ಆದರೂ ೧೯೯೧ರ ಏಪ್ರಿಲ್ ೨೯ರಂದು ಚಿತ್ತಗಾಂಗಿನ ಕರಾವಳಿಯಲ್ಲಿ ಸುಮಾರು ೧,೩೮,೦೦೦ ಮಂದಿ ಸತ್ತರು. ಎಚ್ಚರಿಕೆ ಈ ಸಲ ಊರು ಮುಟ್ಟಿತ್ತು, ಆಶ್ರಯಭವನಗಳು ಸಾಲಲಿಲ್ಲ. ಇದ್ದ ಭವನಗಳನ್ನು ಸೇರಿದವರು ಬದುಕಿಕೊಂಡರು. ಮತ್ತೊಂದು ಸಂಗತಿಯು ಸತ್ತವರ ಎಣಿಕೆಯಿಂದ ಹೊರಬಿದ್ದಿತು: ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚಾಗಿ ಸತ್ತಿದ್ದರು. ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಕ್ಕಳೂ ಮುದುಕರೂ ಅವರ ಕೈಯಲ್ಲಿದ್ದರು. ಉದ್ದನೆಯ ಸೀರೆ ನೀರಿನಲ್ಲಿ ಕಾಲಿಗೆ ತೊಡರಿತು. ಗಂಡನು ಬಂದು ಹೇಳದೆ ಮನೆ ಬಿಡುವಂತಿರಲಿಲ್ಲ. ಅಪರಿಚಿತ ಗಂಡಸರು ತುಂಬಿದ ಭವನದೊಳಗೆ ಹೋಗಿ ಕೂಡುವುದಕ್ಕಿಂತ ಮನೆಯಲ್ಲಿರುವುದೇ ಲೇಸೆಂದು ಅನೇಕರಿಗೆ ತೋರಿತು. ಬಾಗಿಲು ತಟ್ಟಿ ಕರೆಯುವ ಸ್ವಯಂಸೇವಕರು ಹೆಚ್ಚಾಗಿ ಗಂಡಸರೇ ಆಗಿದ್ದುದರಿಂದ ಒಳಮನೆಗೆ ಆ ಮಾತು ತಲಪಿತೋ ಇಲ್ಲವೋ. ಪ್ರಕೃತಿಯ ವಿಕೋಪವು ಎಲ್ಲರಿಗೂ ಒಂದೇ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಅಂದಿನ ಎಣಿಕೆ ಅದನ್ನು ಸುಳ್ಳುಮಾಡಿತು.

ಆ ಬಳಿಕ ಭವನಗಳು ಹೆಚ್ಚಿದವು, ಅವುಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಗೃಹ ಬಂದವು. ಸ್ವಯಂಸೇವಕರ ದಳದಲ್ಲಿ ಮಹಿಳೆಯರ ಸಂಖ್ಯೆ ಬೆಳೆದು, ಇಂದು ಇಪ್ಪತ್ತು ಮಂದಿಯ ಒಂದೊಂದು ಘಟಕದಲ್ಲಿ ಹತ್ತು ಮಂದಿ ಹೆಂಗಸರಿದ್ದಾರೆ. ಒಟ್ಟು ಸ್ವಯಂಸೇವಕರು ೭೬,೦೦೦ದಷ್ಟು. ೨೦೦೭ರ ನವೆಂಬರಿನಲ್ಲಿ ಸಿಡ್ರ್ ಎಂಬ ಭಯಂಕರ ಚಂಡಮಾರುತ ಬಂದಾಗ ಸುಮಾರು ೩,೪೦೦ ಮಂದಿ ಪ್ರಾಣ ಕಳೆದುಕೊಂಡರು. ಇದೇನೂ ಚಿಕ್ಕ ಸಂಖ್ಯೆಯಲ್ಲ, ಆದರೆ ೧೯೭೦ರ ನೂರರಲ್ಲಿ ಒಂದು ಪಾಲು. ೨೦೨೦ರ ಮೇ ತಿಂಗಳಿನಲ್ಲಿ ಅಂಫಾನ್ ಬರುವ ಮುನ್ನ ಕೊರೋನಾ ಪಿಡುಗಿನ ನಡುವೆಯೂ ಆ ದೇಶವು ೨೪ ಲಕ್ಷ ಜನರನ್ನು ತೀರದಿಂದ ಸರಿಸಿತು. ಅಲ್ಲಿ ಸತ್ತವರು ಮೂವತ್ತರೊಳಗೆ.

ಒಡಿಶಾ ಇದೇ ಪಾಠವನ್ನು ೧೯೯೯ರಲ್ಲಿ ತನ್ನ ಸ್ವಂತ ನಷ್ಟದಿಂದ ಕಲಿಯಿತು. ಅಂದು ಅದರ ಸುಮಾರು ೪೮೦ ಕಿಲೋಮೀಟರ್ ಉದ್ದದ ತೀರದಲ್ಲಿ ಇದ್ದ ಆಶ್ರಯಭವನಗಳು ಇಪ್ಪತ್ತರ ಆಸುಪಾಸು. ಜಗತ್‌ಸಿಂಗಪುರ ಜಿಲ್ಲೆಯ ಎರಸಮಾ ಎಂಬ ಪ್ರದೇಶವೊಂದರಲ್ಲಿಯೇ ಸಾವಿರಾರು ಮಂದಿ ಕಡಲಿನ ಪಾಲಾದರು. ಆ ವರ್ಷ ಮುಗಿಯುವುದರೊಳಗೆ, ಡಿಸೆಂಬರ್ ೨೮ರಂದು, ರಾಜ್ಯವು ವಿಪತ್ತುಗಳಿಗಾಗಿಯೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಭಾರತದಲ್ಲಿ ರಾಜ್ಯವೊಂದು ಹೀಗೆ ಮಾಡಿದುದು ಅದೇ ಮೊದಲು. ದೇಶಕ್ಕೆಲ್ಲ ಅನ್ವಯಿಸುವ ವಿಪತ್ತು ನಿರ್ವಹಣೆಯ ಕಾಯಿದೆ ಬಂದುದು ೨೦೦೫ರಲ್ಲಿ.

ಈಗ ಆ ತೀರದಲ್ಲಿ ಎಂಟುನೂರಕ್ಕೂ ಹೆಚ್ಚು ಆಶ್ರಯಭವನಗಳಿವೆ. ಇವುಗಳ ರಚನೆಯು ಗಮನಿಸತಕ್ಕದ್ದು. ಕಟ್ಟಡವು ಕಂಬಗಳ ಮೇಲೆ ನಿಂತಿರುತ್ತದೆ, ನೆಲದಂತಸ್ತು ಖಾಲಿ. ಗೋಡೆಯನ್ನು ಅಡ್ಡಗಟ್ಟಿದರೆ ನೀರು ಅದನ್ನು ಒದೆಯುವುದು. ತೆರಪು ಬಿಟ್ಟರೆ ಕಂಬಗಳ ನಡುವೆ ಹರಿದುಹೋಗುವುದು, ಮೇಲಿನಂತಸ್ತಿನಲ್ಲಿ ಜನ ಕ್ಷೇಮವಾಗಿರುವರು. ಮುದುಕರಿಗೂ ಅಂಗವಿಕಲರಿಗೂ ಅನುಕೂಲವಾಗಲೆಂದು ಇಳಿಜಾರಿನ ದಾರಿಯುಂಟು. ವರ್ಷದ ಉಳಿದ ದಿನಗಳಲ್ಲಿ ಬಹಳಷ್ಟು ಭವನಗಳು ಶಾಲೆಗಳಾಗಿ ನಡೆಯುತ್ತವೆ. ಇದು ಬರಿಯ ಮಿತವ್ಯಯವಲ್ಲ. ಬೀಗ ಹಾಕಿಟ್ಟ ಕಟ್ಟಡವು ಹತ್ತು ವರ್ಷಗಳಲ್ಲಿ ಹಾಳುಬೀಳುವುದು, ಬೇಕಾದ ರಾತ್ರಿ ಬೀಗದ ಕೈಯೂ ಸಿಕ್ಕದು. ಮಕ್ಕಳು ದಿನವೂ ಹತ್ತಿಳಿಯುವ ಮೆಟ್ಟಿಲಿನ ದಾರಿಯನ್ನು ಕತ್ತಲೆಯಲ್ಲಿಯೂ ಕಾಲು ಬಲ್ಲುದು.

ಭವನಕ್ಕೊಂದು ಊರಿನವರದೇ ಸಮಿತಿ. ಅದರ ಕೈಕೆಳಗೆ ತರುಣ ತರುಣಿಯರ ತಂಡಗಳಿದ್ದು, ಒಂದು ತಂಡವು ಸುದ್ದಿ ಸಾರಲು, ಒಂದು ಹುಡುಕಿ ರಕ್ಷಿಸಲು, ಒಂದು ಪ್ರಥಮ ಚಿಕಿತ್ಸೆಗೆ ಎಂದು ಕೆಲಸವನ್ನು ಹಂಚಿಕೊಂಡಿರುವುದು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ಯಾವ ಮನೆಯಲ್ಲಿ ದಿನ ತುಂಬಿದ ಗರ್ಭಿಣಿಯಿದ್ದಾಳೆ ಎಂಬುದು ಇವರಿಗೆ ಗೊತ್ತು. ಗರ್ಭಿಣಿಯರನ್ನು ಬಿರುಗಾಳಿಗೆ ಮುಂಚೆಯೇ ಆಸ್ಪತ್ರೆಗಳಿಗೆ ಸಾಗಿಸುವ ಏರ್ಪಾಡು ಒಡಿಶಾದಲ್ಲಿ ನಡೆದುಬಂದಿದೆ. ಯಾವ ಉಪಗ್ರಹವೂ ಇಂತಹ ವಿವರವನ್ನು ಕೊಡಲಾರದು. ವರ್ಷವರ್ಷವೂ ಅಣಕು ಕಾರ್ಯಾಚರಣೆ ನಡೆಸುವರು. ತೀರದುದ್ದಕ್ಕೂ ೧೨೨ ಸೈರನ್ ಗೋಪುರಗಳು ೨೦೧೮ರಿಂದ ಕೆಲಸ ಮಾಡುತ್ತಿವೆ.

ಮೇಲಿನಿಂದ ಬರುವ ಎಚ್ಚರಿಕೆಯೂ ಅಷ್ಟರಲ್ಲಿ ಚುರುಕಾಗಿತ್ತೆಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಭಾರತದ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪನೆಯಾದುದಕ್ಕೆ, ೧೮೬೪ರಲ್ಲಿ ಕಲ್ಕತ್ತೆಯನ್ನು ಹಾಳುಮಾಡಿದ ಚಂಡಮಾರುತವೂ ಒಂದು ಕಾರಣ. ಇಂದು ಅದು ಸುಮಾರು ಮೂರು ದಿನಗಳ ಮುಂಚಿನಿಂದ ಹಂತಹಂತವಾಗಿ ಸೂಚನೆ ಕೊಡುತ್ತದೆ. ೨೦೧೯ರ ಫನಿ ಚಂಡಮಾರುತದ ಸುಳಿವು ಏಪ್ರಿಲ್ ೨೬ರಂದೇ ಸಮಭಾಜಕಕ್ಕೆ ಸಮೀಪದ ಕಡಲಿನಲ್ಲಿ ಕಾಣಿಸಿಕೊಂಡಿತು. ಮೇ ೩ರಂದು ಅದು ಪುರಿಯ ಬಳಿ ನೆಲ ಮುಟ್ಟುವ ವೇಳೆಗೆ ೧೨ ಲಕ್ಷ ಜನರನ್ನು ಸರಿಸಿಯಾಗಿತ್ತು. ರಾಜ್ಯದಲ್ಲಿ ೬೪ ಮಂದಿ ತೀರಿಕೊಂಡರು.

ಕಟ್ಟಡವೊಂದೇ ರಕ್ಷಣೆಯಲ್ಲ. ತೀರದ ಕೆಸರಿನಲ್ಲಿ ಬೇರುಗಳನ್ನು ಬಲೆಯಂತೆ ಹೆಣೆದು ನಿಲ್ಲುವ ಕಾಂಡ್ಲಾ ಗಿಡಗಳನ್ನು ಕರಾವಳಿಯ ಓದುಗರು ಬಲ್ಲರು. ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ನೂರಾರು ಹಳ್ಳಿಗಳನ್ನು ವಿಜ್ಞಾನಿಗಳು ಪರಿಶೀಲಿಸಿ, ಕಡಲಿಗೂ ಊರಿಗೂ ನಡುವೆ ಕಾಂಡ್ಲಾವನದ ಪಟ್ಟಿಯು ಅಗಲವಾಗಿದ್ದಲ್ಲಿ ೧೯೯೯ರ ಸಾವುಗಳು ಕಡಿಮೆಯಾಗಿದ್ದುವೆಂದು ೨೦೦೯ರಲ್ಲಿ ಪ್ರಕಟಿಸಿದರು. ಅದೇ ಅಧ್ಯಯನವು ಇನ್ನೊಂದನ್ನೂ ಹೇಳಿತು: ಜನರನ್ನು ಮುಂಚಿತವಾಗಿ ತೆರವುಗೊಳಿಸಿದುದರಿಂದ ಉಳಿದ ಪ್ರಾಣಗಳು, ಕಾಡಿನಿಂದ ಉಳಿದ ಪ್ರಾಣಗಳಿಗಿಂತ ಹೆಚ್ಚು. ಮರವನ್ನು ನಂಬಿ ಮನೆಯಲ್ಲಿ ಕುಳಿತಿರುವುದು ಸಲ್ಲದು.

ಪ್ರಾಣ ಉಳಿದವರ ಮುಂದಿನ ದಿನಗಳ ವಿಷಯದಲ್ಲಿ ಮಾತ್ರ ನಾವು ಇಷ್ಟು ಸಮಾಧಾನದಿಂದ ಬರೆಯಲಾರೆವು. ಫನಿಯು ಹೋದ ಮೇಲೆ ಪುರಿ ಜಿಲ್ಲೆಯಲ್ಲಿ ಲಕ್ಷಾಂತರ ಮನೆಗಳು ಮುರಿದು ಬಿದ್ದಿದ್ದವು, ತೆಂಗಿನ ತೋಟಗಳು ನೆಲಕಚ್ಚಿದ್ದವು, ವಾರಗಟ್ಟಲೆ ವಿದ್ಯುತ್ತಿರಲಿಲ್ಲ. ತೆಂಗಿನ ಸಸಿ ಮತ್ತೆ ಫಲ ಕೊಡಲು ಎಷ್ಟು ವರ್ಷ ಬೇಕೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ೨೦೦೯ರ ಮೇ ೨೫ರಂದು ಸುಂದರಬನದ ಮೇಲೆ ಬಂದ ಐಲಾ ಚಂಡಮಾರುತವು ಮಣ್ಣಿನ ಒಡ್ಡುಗಳನ್ನು ಒಡೆದು ಉಪ್ಪುನೀರನ್ನು ಗದ್ದೆಗಳಿಗೆ ನುಗ್ಗಿಸಿತು; ಉಪ್ಪು ಕುಡಿದ ನೆಲದಲ್ಲಿ ಭತ್ತ ಬೆಳೆಯದೆ ಎಷ್ಟೋ ಸಂಸಾರಗಳ ದುಡಿಯುವ ಕೈಗಳು ಕೂಲಿ ಹುಡುಕಿಕೊಂಡು ದೂರದ ಊರುಗಳಿಗೆ ಹೋದವು. ಭವನದಲ್ಲಿ ಎರಡು ರಾತ್ರಿ ಕಳೆದು ಬದುಕಿ ಬಂದವನು ಮರುವರ್ಷವೂ ಅದೇ ಊರಿನಲ್ಲಿ ಉಣ್ಣುವಂತಾಗಬೇಕಾದರೆ ಬೀಜ, ಸಾಲ, ವಿಮೆ, ಒಡ್ಡು ಇವೆಲ್ಲವೂ ಬೇಕು. ಈ ಕಾರ್ಯದಲ್ಲಿ ನಾವು ಇನ್ನೂ ೧೯೭೨ರ ಬಾಂಗ್ಲಾದೇಶದ ಹಂತದಲ್ಲಿಯೇ ಇದ್ದೇವೆಂದು ತೋರುತ್ತದೆ.

ಚಂಡಮಾರುತವು ಪೂರ್ವ ಕರಾವಳಿಯ ವಿಷಯವೆಂದು ನಮ್ಮಲ್ಲಿ ಬಹುಕಾಲ ಭಾವಿಸಿದ್ದೆವು. ಬಂಗಾಳ ಕೊಲ್ಲಿಗಿಂತ ಅರಬ್ಬೀ ಸಮುದ್ರದಲ್ಲಿ ಅವು ಕಡಿಮೆ ಹುಟ್ಟುತ್ತವೆಂಬುದು ಸರಿಯೇ. ಆದರೆ ಆ ಸಮುದ್ರವೂ ಈಚಿನ ದಶಕಗಳಲ್ಲಿ ಬಿಸಿಯೇರುತ್ತಿದೆ. ೨೦೨೧ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಕರ್ನಾಟಕದ ಕರೆಯ ಪಕ್ಕದಲ್ಲಿ ಹಾದು ಗುಜರಾತಿಗೆ ಹೋಗುವಾಗ ನಮ್ಮ ತೀರದ ಮನೆಗಳನ್ನೂ ರಸ್ತೆಗಳನ್ನೂ ಕಡಲು ಕೊರೆದುದನ್ನು ಅಲ್ಲಿನವರು ಮರೆತಿಲ್ಲ. ಚಂಡಮಾರುತದ ಹಾನಿಯನ್ನು ತಗ್ಗಿಸಲು ಕೇಂದ್ರ ಸರಕಾರವು ಕೈಗೊಂಡ ರಾಷ್ಟ್ರೀಯ ಯೋಜನೆಯ ಎರಡನೆಯ ಹಂತವು ೨೦೧೫ರಲ್ಲಿ ಮಂಜೂರಾದಾಗ ಕರ್ನಾಟಕವನ್ನೂ ಅದರಲ್ಲಿ ಸೇರಿಸಿದರು, ನಮ್ಮ ಕರಾವಳಿಯಲ್ಲಿಯೂ ಆಶ್ರಯಭವನಗಳು ಎದ್ದಿವೆ. ಆ ಕಡೆಯ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಭಾನುವಾರ ಅವುಗಳಲ್ಲೊಂದಕ್ಕೆ ಹೋಗಿ ಬರಲಿ. ಕಂಬಗಳ ಎತ್ತರವನ್ನು ಅಳೆಯಲಿ, ತಮ್ಮ ಮನೆಯಿಂದ ಅಲ್ಲಿಗೆ ಅಜ್ಜಿಯನ್ನು ಕರೆದುಕೊಂಡು ನಡೆದರೆ ಎಷ್ಟು ನಿಮಿಷ ಹಿಡಿಯುವುದೆಂದು ಗಡಿಯಾರ ಹಿಡಿದು ನೋಡಲಿ. ಬೀಗದ ಕೈ ಯಾರ ಮನೆಯಲ್ಲಿದೆಯೆಂದು ಕೇಳಿಕೊಂಡು ಬರಲಿ.